ಕಡುಬಿಗೆ ಬೇಕನ್ ಸುತ್ತಿದ್ರೆ ಏನಾಗುತ್ತೆ?

ಈ ವಾರದ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗ್ಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

ಶಿವಮೊಗ್ಗ–ಭದ್ರಾವತಿ ಬಸ್ಸಲ್ಲಿ ಸೀಟ್ ಸಿಗದೆ ನಿಂತ್ಕೊಂಡೇ ಕೇಳ್ತಿರೋರಿಗೆ ನಮಸ್ಕಾರ.

ಕೆಲವು ವಾರದಿಂದ ಒಂದೇ ಥರದ ವಾಯ್ಸ್ ನೋಟ್ ಬರ್ತಾ ಇದೆ. ರೀಲ್ಸಲ್ಲಿ ಯಾರೋ ಆಲೂಗಡ್ಡೆಗೆ, ಈರುಳ್ಳಿ ಬಳೆಗೆ, ಚೀಸ್ ತುಂಡಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ ಬೇಕನ್ ಸುತ್ತಿ ಗರಿಗರಿ ಮಾಡಿ ತೋರಿಸ್ತಾರೆ. ಅದನ್ನ ನೋಡಿ ನಮ್ಮ ಹುಡುಗರ ಪ್ರಶ್ನೆ: "ಕಡುಬಿಗೆ ಹಂಗೆ ಸುತ್ತಬಹುದಾ? ಪಡ್ಡುಗೆ? ಮೆಣಸಿನಕಾಯಿಗೆ?" ಸುತ್ತಬಹುದು. ಕೆಲವು ತಿಂಡಿ ನಿಜವಾಗಲೂ ಚೆನ್ನಾಗಿ ಬರುತ್ತೆ. ಕೆಲವಕ್ಕೆ ಸುತ್ತಿದ್ರೆ ಬೇಕನ್ನೂ ಹಾಳು, ತಿಂಡಿನೂ ಹಾಳು, ದುಡ್ಡೂ ಹಾಳು. ಯಾವುದು ಯಾಕೆ ಆಗುತ್ತೆ, ಯಾಕೆ ಆಗಲ್ಲ ಅಂತ ಇವತ್ತು ಬಿಡಿಸಿ ಹೇಳ್ತೀನಿ.

ಒಂದು ಮಾತು ಮೊದಲೇ. ಇದು ಹಂದಿ ಮಾಂಸದ ಎಪಿಸೋಡ್. ತಿನ್ನದೇ ಇರೋರು ಸ್ಕಿಪ್ ಮಾಡಿದ್ರೆ ನನಗೇನೂ ಬೇಜಾರಿಲ್ಲ. ಆದ್ರೆ ಒಂದೇ ಮನೇಲಿ, ಒಂದೇ ರೂಮಲ್ಲಿ ತಿನ್ನೋರು ತಿನ್ನದೋರು ಇಬ್ಬರೂ ಇದ್ರೆ ಕೊನೆ ಭಾಗ ಮಾತ್ರ ತಪ್ಪದೆ ಕೇಳಿ.

02:10 – ಬೇಕನ್ ಅಂದ್ರೆ ಏನು, ನಮ್ಮೂರ ಹಂದಿ ಮಾಂಸ ಅಂದ್ರೆ ಏನು

ಬೇಕನ್ ಅಂದ್ರೆ ಹಂದಿಯ ಹೊಟ್ಟೆ ಭಾಗದ ಮಾಂಸ. ಒಂದು ಪದರ ಕೊಬ್ಬು, ಒಂದು ಪದರ ಮಾಂಸ, ಮತ್ತೆ ಕೊಬ್ಬು. ಇದಕ್ಕೆ ಉಪ್ಪು, ಸ್ವಲ್ಪ ಸಕ್ಕರೆ, ಅತಿ ಕಮ್ಮಿ ಪ್ರಮಾಣದಲ್ಲಿ ನೈಟ್ರೈಟ್ ಹಾಕಿ ಕೆಲವು ದಿನ ಇಟ್ಟು, ಆಮೇಲೆ ಸೌದೆ ಹೊಗೆ ಕೊಟ್ಟು, ತೆಳ್ಳಗೆ ಪಟ್ಟಿ ಪಟ್ಟಿಯಾಗಿ ಕತ್ತರಿಸ್ತಾರೆ. ಆ ಗುಲಾಬಿ ಬಣ್ಣ ನೈಟ್ರೈಟ್‌ದು. ಬಾಟುಲಿಸಂ ಅನ್ನೋ ಮಾರಕ ಕಾಯಿಲೆಯನ್ನ ಹುಟ್ಟಿಸೋ ಬ್ಯಾಕ್ಟೀರಿಯಾನ ತಡೆಯೋ ಕೆಲಸವೂ ಅದರದ್ದೇ.

ನಮ್ಮ ಕಡೆ ಹಂದಿ ಮಾಂಸ ಅಂದ್ರೆ ಚರ್ಮದ ಸಮೇತ ತುಂಡು ಮಾಡಿ, ಕಾಳುಮೆಣಸು ಹಾಕಿ ಹುರಿಯೋದು ಅಥವಾ ಸಾರು ಮಾಡೋದು. ಕೊಡಗಿನಲ್ಲಿ ಪಂದಿಕರಿಗೆ ಕಾಚಂಪುಳಿ ಬೀಳುತ್ತೆ. ಕಪ್ಪಗೆ, ಮಂದವಾಗಿ, ಬಾಯಲ್ಲಿ ನೀರು ತರಿಸೋ ಹುಳಿ ಅದು. ಆ ಹುಳಿ ಬರೋ ಹಣ್ಣು ನಮ್ಮ ಸಾಗರ, ಹೊಸನಗರ ಕಡೆ ಕಾಡಲ್ಲಿ ಸಿಗೋ ಉಪ್ಪಾಗೆಯೇ. ಪಂದಿಕರಿ ಜೊತೆ ಅವರು ತಿನ್ನೋದು ಕಡಂಬುಟ್ಟು, ಅಂದ್ರೆ ಅಕ್ಕಿ ತರಿಯ ಉಂಡೆ ಕಡುಬು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಡುಕ್ರಾ ಮಾಸ್ ಜೊತೆ ಸನ್ನಾ. ಹಂಗಾಗಿ "ಕಡುಬಿಗೂ ಹಂದಿಗೂ ಎಲ್ಲಿಯ ಸಂಬಂಧ" ಅಂತ ಯಾರಾದ್ರೂ ನಕ್ಕರೆ, ಆ ಸಂಬಂಧ ತುಂಬಾ ಹಳೇದು ಅಂತ ಹೇಳಿ. ಬೆಂದ ಅಕ್ಕಿಯ ಸಪ್ಪೆ ರುಚಿ, ಕೊಬ್ಬಿನ ಮಾಂಸ, ಅದನ್ನ ಕತ್ತರಿಸೋಕೆ ಒಂದು ಹುಳಿ. ಈ ಮೂರರ ಜೋಡಿ ಈಗಾಗಲೇ ನಮ್ಮಲ್ಲಿದೆ. ಹೊಸದು ಸುತ್ತೋದು ಮಾತ್ರ.

ಸುತ್ತೋದಾದ್ರೂ ಹೊಸದಾ? ಮಳೆಗಾಲ ಬಂದ್ರೆ ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಪತ್ರೊಡೆ. ಅರಿಶಿನ ಎಲೆಯಲ್ಲಿ ಸಿಹಿ ಕಡುಬು. ಹಲಸಿನ ಎಲೆ ಕೊಟ್ಟೆಯಲ್ಲಿ ಕೊಟ್ಟೆ ಕಡುಬು. ಮಲೆನಾಡು, ಕರಾವಳಿ ಎರಡೂ ಕಡೆ ಸುತ್ತೋದರಲ್ಲಿ ನಮ್ಮ ಅಜ್ಜಿಯಂದಿರಿಗೆ ಯಾವ ರೀಲ್ಸೂ ಸಾಟಿ ಇಲ್ಲ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ, ಅದು ಅರ್ಥ ಆದ್ರೆ ಅರ್ಧ ಅಡುಗೆ ಬಂದ ಹಾಗೆ.

ಎಲೆ ಕೆಲಸ ಮಾಡೋದು ಹಬೆಯಲ್ಲಿ. ಒಳಗಿನ ತೇವ ಹೊರಗೆ ಹೋಗದ ಹಾಗೆ ಹಿಡಿದು, ತನ್ನ ಪರಿಮಳ ಕೊಡುತ್ತೆ. ಹಬೆ ಪಾತ್ರೆಯ ಶಾಖ 100 ಡಿಗ್ರಿ ದಾಟಲ್ಲ. ಬೇಕನ್ ಗರಿಗರಿ ಆಗಿ ಕೆಂಪಗಾಗಬೇಕು ಅಂದ್ರೆ ಮೇಲ್ಮೈಯಲ್ಲಿ ನೀರು ಆರಿ ಶಾಖ ಸುಮಾರು 140 ಡಿಗ್ರಿ ಮುಟ್ಟಬೇಕು. ಅದಕ್ಕೇ ಬೇಕನ್ ಸುತ್ತಿದ ಕಡುಬನ್ನ ಇಡ್ಲಿ ಪಾತ್ರೆಯಲ್ಲಿಟ್ರೆ ಸಿಗೋದು ಬೂದು ಬಣ್ಣದ ರಬ್ಬರ್. ಮೊದಲು ಹಬೆ, ಆಮೇಲೆ ತಣ್ಣಗಾಗೋದು, ಆಮೇಲೆ ಸುತ್ತೋದು, ಕೊನೆಗೆ ಕಾವಲಿ. ಈ ಕ್ರಮ ಬದಲಾಯಿಸಬೇಡಿ.

ಕಾವಲಿ ಮೇಲೆ ಏನಾಗುತ್ತೆ? ಪಟ್ಟಿಯ ಕೊಬ್ಬು ಕರಗಿ ಹೊರಗೆ ಬರುತ್ತೆ, ಒಳಗಿನ ತಿಂಡಿಗೆ ತಾನೇ ಎಣ್ಣೆ ಸವರ್ತಾ ಹೋಗುತ್ತೆ. ಅದೇ ಹೊತ್ತಿಗೆ ಮಾಂಸ ಕುಗ್ಗಿ ಬಿಗಿಯಾಗಿ ಅಪ್ಪಿಕೊಳ್ಳುತ್ತೆ. ಫ್ರೆಂಚ್ ಅಡುಗೆಯವರು ಕೊಬ್ಬಿಲ್ಲದ ಮಾಂಸ ಒಣಗದಿರಲಿ ಅಂತ ಕೊಬ್ಬಿನ ಪಟ್ಟಿ ಸುತ್ತೋದು ಇದೇ ಕಾರಣಕ್ಕೆ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಪುಟ್ಟ ಸಾಸೇಜಿಗೆ ಬೇಕನ್ ಸುತ್ತಿ, ಅದಕ್ಕೆ 'ಕಂಬಳಿ ಹೊದ್ದ ಹಂದಿಮರಿ' ಅನ್ನೋ ಅರ್ಥದ ಹೆಸರಿಟ್ಟಿದ್ದಾರೆ. ಮೆಕ್ಸಿಕೋದ ಸೊನೋರಾ ಪ್ರಾಂತ್ಯದ ಬೀದಿ ಗಾಡಿಗಳಲ್ಲಿ ಹಾಟ್ ಡಾಗ್‌ಗೂ ಸುತ್ತಿ ಕೊಡ್ತಾರೆ.

06:45 – ಯಾವುದಕ್ಕೆ ಸುತ್ತಬಹುದು

ನಾವು ಭದ್ರಾವತಿಯಲ್ಲಿ ಒಬ್ಬ ಗೆಳೆಯನ ಮನೇಲಿ ಎರಡು ಭಾನುವಾರ ಕೂತು ಟ್ರೈ ಮಾಡಿದ್ವಿ. ನನ್ನ ಲಿಸ್ಟಲ್ಲಿ ಮೊದಲ ಸ್ಥಾನ ಕಡುಬಿಗೆ ಅಲ್ಲ, ಪತ್ರೊಡೆಗೆ.

ಪತ್ರೊಡೆ ಮಾಮೂಲಿ ಥರಾನೇ ಮಾಡಿ: ನೆನೆಸಿದ ಅಕ್ಕಿ, ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿ, ಹುಣಸೆ, ಬೆಲ್ಲ ರುಬ್ಬಿ ಎಲೆಗೆ ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ. ಉಪ್ಪು ಮಾತ್ರ ಅರ್ಧಕ್ಕಿಂತ ಕಮ್ಮಿ ಹಾಕಿ, ಮಿಕ್ಕಿದ್ದು ಬೇಕನ್‌ನಿಂದ ಬರುತ್ತೆ. ಪೂರ್ತಿ ತಣ್ಣಗಾದ ಮೇಲೆ ಬೆರಳು ದಪ್ಪಕ್ಕೆ ಬಿಲ್ಲೆ ಕತ್ತರಿಸಿ. ಪ್ರತಿ ಬಿಲ್ಲೆಯ ಅಂಚಿಗೆ ಸೊಂಟಪಟ್ಟಿ ಹಾಕಿದ ಹಾಗೆ ಬೇಕನ್ ಸುತ್ತಿ. ಬಾಯಿಗಿಟ್ರೆ ಹುಳಿ, ಖಾರ, ಸ್ವಲ್ಪ ಸಿಹಿ, ಅದರ ಸುತ್ತ ಉಪ್ಪು ಮತ್ತು ಹೊಗೆ. ಬೇರೆ ಚಟ್ನಿ ಬೇಕು ಅನಿಸಲ್ಲ. ಒಂದು ಎಚ್ಚರಿಕೆ: ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತೆ, ಗಂಟಲು ಕೆರೆತಕ್ಕೆ ಅದೇ ಕಾರಣ. ಅದಕ್ಕೇ ಹುಣಸೆ, ಅದಕ್ಕೇ ಚೆನ್ನಾಗಿ ಬೇಯಿಸೋದು. "ಬೇಕನ್ ಇದೆಯಲ್ಲ" ಅಂತ ಹುಳಿ ಕಮ್ಮಿ ಮಾಡೋಕೆ ಹೋಗಬೇಡಿ.

ಎರಡನೇದು ಮೆಣಸಿನಕಾಯಿ. ಬಜ್ಜಿಗೆ ಬಳಸೋ ಉದ್ದ ಹಸಿರು ಮೆಣಸಿನಕಾಯಿ ಸೀಳಿ, ಬೀಜ ತೆಗೆದು, ಬೇಯಿಸಿದ ಆಲೂಗಡ್ಡೆಗೋ ಪನೀರಿಗೋ ಜೀರಿಗೆ, ಓಂಕಾಳು ಸೇರಿಸಿ ತುಂಬಿ. ಕಡಲೆಹಿಟ್ಟು ಬೇಡ, ಅದರ ಜಾಗದಲ್ಲಿ ಬೇಕನ್ನು. ಒಂದು ಪಟ್ಟಿಯನ್ನ ತುದಿಯಿಂದ ಬುಡದವರೆಗೆ ಓರೆಯಾಗಿ ಸುತ್ತುತ್ತಾ ಬನ್ನಿ. ಇದು ಎಷ್ಟು ಚೆನ್ನಾಗಿ ಬಂತು ಅಂದ್ರೆ, ಮೂರನೇ ರೌಂಡ್‌ಗೆ ಯಾರೂ ಫೋಟೋ ತೆಗೆಯೋಕೆ ಕಾಯ್ಲಿಲ್ಲ.

ಕಡುಬು ಮೂರನೇದು. ಉಂಡೆ ಕಡುಬನ್ನ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ, ಬೇಯಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಬಿಸಿ ಕಡುಬು ಸುತ್ತುವಾಗಲೇ ಪುಡಿಯಾಗುತ್ತೆ. ತಣ್ಣಗಾದ ಅಕ್ಕಿ ಗಟ್ಟಿಯಾಗುತ್ತೆ, ತಂಗಳನ್ನ ಉದುರುದುರಾಗೋದು ಇದೇ ಕಾರಣಕ್ಕೆ. ಮರುದಿನ ಸುತ್ತಿ ಕಾವಲಿಗೆ ಹಾಕಿ. ತಿನ್ನೋವಾಗ ಒಂದು ಹನಿ ಕಾಚಂಪುಳಿ, ಇಲ್ಲಾಂದ್ರೆ ನಿಂಬೆರಸ. ಹುಳಿ ಇಲ್ಲದೆ ಇದು ಎರಡನೇ ತುತ್ತಿಗೇ ಸಾಕಾಗುತ್ತೆ.

ಪಡ್ಡು ಕಥೆ ಬೇರೆ. ಬೆಂದ ಪಡ್ಡುಗೆ ಸುತ್ತಿದ್ವಿ, ಅಷ್ಟಕ್ಕಷ್ಟೇ. ಉಲ್ಟಾ ಮಾಡಿದ್ವಿ, ಅದು ಗೆದ್ದಿತು. ಅರ್ಧ ಪಟ್ಟಿ ಬೇಕನ್‌ನ ಪಡ್ಡು ಹಂಚಿನ ಗುಳಿಯೊಳಗೆ ಗೋಡೆಗೆ ಅಂಟೋ ಹಾಗೆ ಇಟ್ಟು, ಸಣ್ಣ ಉರಿಯಲ್ಲಿ ಕೊಬ್ಬು ಬಿಡೋವರೆಗೆ ಕಾದು, ಅದರ ಮೇಲೆ ಹುಳಿ ಬಂದ ದೋಸೆ ಹಿಟ್ಟು ಹಾಕಿ. ಬೇರೆ ಎಣ್ಣೆ ಒಂದು ತೊಟ್ಟೂ ಬೇಡ. ತಿರುಗಿಸಿದಾಗ ಬೇಕನ್ ಟೋಪಿ ಹಾಕ್ಕೊಂಡ ಪಡ್ಡು ಮೇಲೆ ಬರುತ್ತೆ.

ಇಡ್ಲಿಗೆ ಬೇಡ, ಸ್ಪಂಜಿನ ಥರ ಕೊಬ್ಬೆಲ್ಲ ಕುಡಿದು ಒಡೆಯುತ್ತೆ. ಮುದ್ದೆಗೆ ಸುತ್ತಬಹುದಾ ಅಂತ ಒಬ್ಬರು ಕೇಳಿದ್ರು. ಮುದ್ದೆ ನುಂಗೋ ಪದಾರ್ಥ, ಅಗಿಯೋದಲ್ಲ. ದಯವಿಟ್ಟು ಬಿಟ್ಟುಬಿಡಿ.

11:30 – ಕಾವಲಿ, ಉರಿ, ಮತ್ತೆ ಭದ್ರಾವತಿಯ 'ಹಂದಿ'

ಸುತ್ತೋ ವಿಧಾನ. ಪಟ್ಟಿಯನ್ನ ಅರ್ಧಕ್ಕೆ ಕತ್ತರಿಸಿ. ಚಾಕುವಿನ ಬೆನ್ನಿನಿಂದ ಮೆಲ್ಲಗೆ ಎಳೆದ್ರೆ ಇನ್ನಷ್ಟು ಉದ್ದ ಬರುತ್ತೆ. ತಿಂಡಿಯ ಮೇಲ್ಮೈ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸುತ್ತಿದಾಗ ತುದಿಗಳು ಒಂದರ ಮೇಲೊಂದು ಒಂದು ಬೆರಳಿನಷ್ಟು ಬರಬೇಕು, ಪೂರ್ತಿ ಎರಡು ಪದರ ಬಂದ್ರೆ ಒಳಗಿನ ಪದರ ಹಸಿಯಾಗೇ ಉಳಿಯುತ್ತೆ. ಟೂತ್‌ಪಿಕ್ ಚುಚ್ಚಿ.

ಕಾವಲಿ ಕಾಯಿಸಿ ಹಾಕಬೇಡಿ. ತಣ್ಣನೆ ಕಾವಲಿ ಮೇಲೆ, ಜೋಡಣೆ ಕೆಳಗೆ ಬರೋ ಹಾಗೆ ಇಟ್ಟು, ಸಣ್ಣ ಉರಿ ಹಚ್ಚಿ. ನಿಧಾನ ಶಾಖಕ್ಕೆ ಕೊಬ್ಬು ಕರಗುತ್ತೆ, ಜೋರು ಉರಿಗೆ ಹೊರಗೆ ಕರಕಲು, ಒಳಗೆ ಹಸಿ. ನಾಲ್ಕು ಕಡೆ ತಿರುಗಿಸಿ ತಿರುಗಿಸಿ ಒಟ್ಟು 12ರಿಂದ 15 ನಿಮಿಷ. ಏರ್ ಫ್ರೈಯರ್ ಇದ್ರೆ 180 ಡಿಗ್ರಿಯಲ್ಲಿ ಸುಮಾರು 12 ನಿಮಿಷ, ಅವನ್ ಇದ್ರೆ 200 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಚಿಕನ್ ಬೇಕನ್ ಬಳಸೋರು ಗಮನಿಸಿ: ಅದರಲ್ಲಿ ಕೊಬ್ಬು ಕಮ್ಮಿ, ತಾನಾಗಿ ಎಣ್ಣೆ ಬಿಡಲ್ಲ. ಮೇಲಿಂದ ಎಣ್ಣೆ ಸವರಲೇಬೇಕು.

ನಾನ್‌ಸ್ಟಿಕ್‌ಗಿಂತ ಬೀಡು ಕಬ್ಬಿಣದ ಕಾವಲಿ ಇದಕ್ಕೆ ಬೆಸ್ಟ್, ಶಾಖ ಹಿಡಿದಿಡುತ್ತೆ, ಕೊಬ್ಬು ಕುಡಿದಷ್ಟೂ ನುಣುಪಾಗುತ್ತೆ. ಬೀಡು ಕಬ್ಬಿಣ ಅಂದಾಗ ಭದ್ರಾವತಿಯವರಿಗೆ ಒಂದು ತಮಾಷೆ. ಅಲ್ಲಿನ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ತೆಗೆದಿದ್ದು 'ಪಿಗ್ ಐರನ್', ಅಕ್ಷರಶಃ ಹಂದಿ ಕಬ್ಬಿಣ! ಕರಗಿದ ಕಬ್ಬಿಣ ಒಂದು ದೊಡ್ಡ ಕಾಲುವೆಯಿಂದ ಅಕ್ಕಪಕ್ಕದ ಸಣ್ಣ ಅಚ್ಚುಗಳಿಗೆ ಹರಿದು ನಿಂತಾಗ, ತಾಯಿ ಹಂದಿಯ ಹಾಲು ಕುಡೀತಿರೋ ಮರಿಗಳ ಸಾಲಿನ ಹಾಗೆ ಕಾಣ್ತಿತ್ತಂತೆ. ಅದಕ್ಕೇ ಇಂಗ್ಲಿಷಿನಲ್ಲಿ ಆ ಹೆಸರು.

ಇನ್ನೊಂದು ಸಂಬಂಧವೂ ಇದೆ. ಆಗ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ, ಮಲೆನಾಡಿನ ಕಾಡಿನ ಸೌದೆಯಿಂದ ಇದ್ದಿಲು ಮಾಡ್ತಿದ್ರು. ಗಾಳಿ ಆಡದ ಹಾಗೆ ಮುಚ್ಚಿ ಸೌದೆ ಕಾಯಿಸಿದಾಗ ಬರೋ ಹೊಗೆಯನ್ನ ತಣ್ಣಗೆ ಮಾಡಿ ದ್ರವವಾಗಿ ಹಿಡಿದು, ಅದರಿಂದ ಮರದ ಸ್ಪಿರಿಟ್, ಟಾರ್ ಎಲ್ಲ ತೆಗೀತಿದ್ರು. ಇವತ್ತು ಅಗ್ಗದ ಬೇಕನ್ ಪ್ಯಾಕ್ ಮೇಲೆ 'ಸ್ಮೋಕ್ ಫ್ಲೇವರ್' ಅಂತ ಬರೆದಿರುತ್ತಲ್ಲ, ಅದರ ಮೂಲ ಉಪಾಯವೂ ಇದೇ: ಸೌದೆ ಹೊಗೆಯನ್ನ ನೀರಿನ ರೂಪದಲ್ಲಿ ಹಿಡಿದು, ಟಾರ್ ಬೇರೆ ಮಾಡಿ, ಶುದ್ಧ ಮಾಡಿ ಮಾಂಸಕ್ಕೆ ಸೇರಿಸೋದು. ಕಾರ್ಖಾನೆಯ ದ್ರವ ಯಾರೂ ತಿನ್ನೋ ವಸ್ತು ಆಗಿರಲಿಲ್ಲ ಅನ್ನೋದು ಬೇರೆ ಮಾತು.

15:20 – ಎಲ್ಲಿ ತರೋದು, ಎಷ್ಟು ಬೀಳುತ್ತೆ

ಶಿವಮೊಗ್ಗದಲ್ಲಿ ಬೇಕನ್ ಎಲ್ಲಾ ಅಂಗಡಿಯಲ್ಲಿ ಸಿಗಲ್ಲ. ಫ್ರೋಜನ್ ಪದಾರ್ಥ ಇಡೋ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಬೇಕು. ಬೆಂಗಳೂರಿಂದ ಜನಶತಾಬ್ದಿಯಲ್ಲಿ ಬ್ಯಾಗಲ್ಲಿಟ್ಟು ತರೋರು ತುಂಬಾ ಜನ. ಸುಮಾರು ಐದು ಗಂಟೆ ಪ್ರಯಾಣ ಅದು. ಥರ್ಮಾಕೋಲ್ ಡಬ್ಬಿ, ಐಸ್ ಪ್ಯಾಕ್ ಇಲ್ಲದೆ ತರಬೇಡಿ. ಹಸಿ ಮಾಂಸ ಹೊರಗಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬೇಸಿಗೆಯಲ್ಲಿ ಒಂದೇ ಗಂಟೆ. ಅಂಗಡಿಯ ಪ್ಯಾಕ್ ಒಳಗೆ ಪಟ್ಟಿಗಳು ಮುದ್ದೆಯಾಗಿ ಅಂಟಿ, ಐಸಿನ ಹರಳು ತುಂಬಿದ್ರೆ, ಕರೆಂಟ್ ಹೋದಾಗ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರೋ ಸಾಧ್ಯತೆ ಇದೆ. ವಾಪಸ್ ಇಡಿ.

ಬಿ.ಕಾಂ ಓದಿದವನು, ಲೆಕ್ಕ ಹೇಳದೆ ಬಿಡಲ್ಲ. ಪ್ಯಾಕ್ ಬೆಲೆಯನ್ನ ಗ್ರಾಂ ಲೆಕ್ಕದಲ್ಲಿ ನೋಡಬೇಡಿ, ಪಟ್ಟಿ ಲೆಕ್ಕದಲ್ಲಿ ನೋಡಿ. ಯಾಕಂದ್ರೆ ಹಸಿ ಬೇಕನ್ ಕಾವಲಿ ಮೇಲೆ ಅರ್ಧಕ್ಕಿಂತ ಹೆಚ್ಚು ತೂಕ ಕಳ್ಕೊಳ್ಳುತ್ತೆ. ನೀವು ದುಡ್ಡು ಕೊಟ್ಟಿದ್ದರಲ್ಲಿ ದೊಡ್ಡ ಪಾಲು ನೀರು ಮತ್ತು ಕರಗೋ ಕೊಬ್ಬು. ಕೊಬ್ಬನ್ನ ಚೆಲ್ಲದಿದ್ರೆ ಅಷ್ಟು ನಷ್ಟ ಇಲ್ಲ. ಸೋಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ಗೆ ಹಾಕಿ, ಮೊಟ್ಟೆಗೆ, ಆಲೂಗಡ್ಡೆ ಪಲ್ಯಕ್ಕೆ ಬಳಸಿ. ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಲ್ಲಿ ಗಟ್ಟಿಯಾಗಿ ಕೂತ್ರೆ ಪ್ಲಂಬರ್ ಬಿಲ್ಲು ಬೇಕನ್ ಬಿಲ್ಲಿಗಿಂತ ಜಾಸ್ತಿ.

ಬೇಕನ್ ಸಿಗಲಿಲ್ವಾ? ಊರಿನ ಹಂದಿ ಮಾಂಸದ ಅಂಗಡಿಯಲ್ಲಿ ಮೂಳೆ ಇಲ್ಲದ ಹೊಟ್ಟೆ ಭಾಗ ಕೇಳಿ ತನ್ನಿ. 500 ಗ್ರಾಂ ಮಾಂಸಕ್ಕೆ 12 ಗ್ರಾಂ ಉಪ್ಪು, 5 ಗ್ರಾಂ ಬೆಲ್ಲದ ಪುಡಿ, ಕುಟ್ಟಿದ ಕಾಳುಮೆಣಸು ಸವರಿ, ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ಐದು ದಿನ ಇಡಿ, ದಿನಕ್ಕೊಮ್ಮೆ ಮಗುಚಿ. ಆಮೇಲೆ ತೊಳೆದು ಒರೆಸಿ, ಮುಕ್ಕಾಲು ಗಂಟೆ ಫ್ರೀಜರ್‌ನಲ್ಲಿಟ್ರೆ ತೆಳ್ಳಗೆ ಕತ್ತರಿಸೋಕೆ ಬರುತ್ತೆ. ಇದು ಪೂರ್ತಿ ಬೇಕನ್ ಅಲ್ಲ, ಉಪ್ಪು ಹಾಕಿದ ಹಂದಿ ಮಾಂಸ. ಗುಲಾಬಿ ಬಣ್ಣ ಬರಲ್ಲ, ಬೂದು ಬಣ್ಣಕ್ಕೆ ತಿರುಗುತ್ತೆ, ಅದಕ್ಕೆ ಹೆದರಬೇಡಿ. ಬಣ್ಣಕ್ಕೋಸ್ಕರ ಆನ್‌ಲೈನ್‌ನಲ್ಲಿ ನೈಟ್ರೈಟ್ ಪುಡಿ ತರಿಸಿ ಕಣ್ಣಂದಾಜಿನಲ್ಲಿ ಹಾಕೋದು ಮಾತ್ರ ಬೇಡವೇ ಬೇಡ, ಪ್ರಮಾಣ ಜಾಸ್ತಿ ಆದ್ರೆ ಅದು ವಿಷ. ಒಲೆ ಮೇಲೆ ತೂಗುಹಾಕಿ ಹೊಗೆ ಕೊಡೋ ಸಾಹಸವನ್ನೂ ಯೂಟ್ಯೂಬ್ ನೋಡಿ ಮಾಡಬೇಡಿ.

ಮಲೆನಾಡಲ್ಲಿ ಇದ್ದೀವಿ, ಹಾಗಾಗಿ ಇದನ್ನ ಹೇಳಲೇಬೇಕು: "ಕಾಡುಹಂದಿ ಮಾಂಸ ಸಿಗುತ್ತೆ, ಅದರಲ್ಲೇ ಮಾಡೋಣ" ಅನ್ನೋರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆಯಾಡೋದು, ಆ ಮಾಂಸ ಮಾರೋದು ಅಪರಾಧ. ಯಾವ ತಪಾಸಣೆಯೂ ಆಗದ ಮಾಂಸ ಅದು ಅನ್ನೋದು ಇನ್ನೊಂದು.

19:05 – ಲಾಡಿಹುಳು, ಉಪ್ಪು, ಕ್ಯಾನ್ಸರ್: ಯಾವುದಕ್ಕೆ ಎಷ್ಟು ಹೆದರಬೇಕು

"ಹಂದಿ ತಿಂದ್ರೆ ತಲೇಲಿ ಹುಳ ಆಗುತ್ತೆ" ಅಂತ ಮನೇಲಿ ಬೈಸಿಕೊಂಡವರು ಎಷ್ಟು ಜನ? ಪೂರ್ತಿ ಸುಳ್ಳಲ್ಲ, ಆದ್ರೆ ದಾರಿ ಬೇರೆ. ಹುಳದ ಮರಿ ಇರೋ ಹಂದಿ ಮಾಂಸವನ್ನ ಅರೆಬೆಂದ ಸ್ಥಿತಿಯಲ್ಲಿ ತಿಂದ್ರೆ ಕರುಳಲ್ಲಿ ಲಾಡಿಹುಳು ಬೆಳೆಯುತ್ತೆ. ಆ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬರುತ್ತೆ. ಆ ಮೊಟ್ಟೆಗಳು ಕೊಳಕು ಕೈ, ನೀರು, ತೊಳೆಯದ ಸೊಪ್ಪಿನ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದಾಗ, ಮರಿಗಳು ಮೆದುಳಿಗೆ ಹೋಗಿ ಕೂರಬಹುದು. ಆಗ ಮೂರ್ಛೆ ಬರುತ್ತೆ. ಅಂದ್ರೆ ಜನ್ಮದಲ್ಲಿ ಹಂದಿ ಮುಟ್ಟದ ಸಸ್ಯಾಹಾರಿಗೂ ಇದು ಬರಬಹುದು. ಮಾಂಸ ಪೂರ್ತಿ ಬೇಯಿಸೋದು ಒಂದು ತಡೆ. ಶೌಚಾಲಯ, ಸೋಪು, ತೊಳೆದ ಕೊತ್ತಂಬರಿ ಸೊಪ್ಪು ಇನ್ನೊಂದು ತಡೆ. ಅಡುಗೆ ಥರ್ಮಾಮೀಟರ್ ಇದ್ರೆ ಮಾಂಸದ ಒಳಗೆ 71 ಡಿಗ್ರಿ ಬಂದ್ರೆ ನಿಶ್ಚಿಂತೆ. ಇಲ್ಲದಿದ್ರೆ ಬಣ್ಣ ನಂಬಬೇಡಿ, ಯಾಕಂದ್ರೆ ನೈಟ್ರೈಟ್ ಇರೋ ಬೇಕನ್ ಬೆಂದ ಮೇಲೂ ಗುಲಾಬಿಯಾಗೇ ಇರುತ್ತೆ. ಕೊಬ್ಬು ಕರಗಿ, ಅಂಚು ಗರಿಯಾಗಿ, ಎರಡೂ ಮುಖ ಕೆಂಪಾಗೋವರೆಗೆ ಬೇಯಿಸಿ.

ಕ್ಯಾನ್ಸರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನ, ಬೇಕನ್ ಸೇರಿಸಿ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿತು. ದಿನಾ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ 18 ಶೇಕಡಾ ಹೆಚ್ಚುತ್ತೆ ಅನ್ನೋದು ಅವರ ಅಂದಾಜು. ಇಲ್ಲಿ ಎರಡು ಕಡೆ ಜನ ಎಡವ್ತಾರೆ. ಆ 18 ಅನ್ನೋದು ನೂರರಲ್ಲಿ ಹದಿನೆಂಟು ಜನಕ್ಕೆ ಬರುತ್ತೆ ಅಂತಲ್ಲ, ಈಗಾಗಲೇ ಇರೋ ಅಪಾಯದ ಮೇಲೆ 18 ಶೇಕಡಾ. 100 ರೂಪಾಯಿ ಮೇಲಿನ 18 ಶೇಕಡಾ ಜಿಎಸ್‌ಟಿ ಬೇರೆ, 5 ರೂಪಾಯಿ ಮೇಲಿನದ್ದು ಬೇರೆ ಅಲ್ವಾ? ಇನ್ನೊಂದು, ಅದೇ ಗುಂಪಲ್ಲಿ ಸಿಗರೇಟೂ ಇದೆ ಅಂದ ಮಾತ್ರಕ್ಕೆ ಎರಡೂ ಅಷ್ಟೇ ಅಪಾಯ ಅಂತಲ್ಲ. ಸಾಕ್ಷಿ ಎಷ್ಟು ಗಟ್ಟಿ ಅನ್ನೋದನ್ನ ಆ ಗುಂಪು ಹೇಳುತ್ತೆ, ಅಪಾಯ ಎಷ್ಟು ದೊಡ್ಡದು ಅನ್ನೋದನ್ನಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಇದು ತಿಂಗಳಿಗೊಂದು ಭಾನುವಾರದ ತಿಂಡಿ. ದಿನಾ ಬೆಳಗ್ಗೆದಲ್ಲ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ಅದೇ ಸಂಸ್ಥೆ ಹೇಳುತ್ತೆ. ಪ್ಯಾಕ್ ಹಿಂದೆ ಸೋಡಿಯಂ ಎಷ್ಟು ಅಂತ ಇರುತ್ತೆ, ಅದನ್ನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪಿನ ಲೆಕ್ಕ. ಬಿಪಿ ಇರೋ ಅಪ್ಪ ಅಮ್ಮನಿಗೆ "ಒಂದು ರುಚಿ ನೋಡಿ" ಅಂತ ನಾಲ್ಕು ಕೊಡೋ ಮುಂಚೆ ಈ ಗುಣಾಕಾರ ಮಾಡಿ.

23:40 – ಒಂದೇ ಅಡುಗೆಮನೆ

ಶಿವಮೊಗ್ಗದಲ್ಲಿ ನಾನಿರೋ ಬಾಡಿಗೆ ಮನೇಲಿ ಮಾಂಸ ಮಾಡೋ ಹಾಗಿಲ್ಲ, ಅದಕ್ಕೇ ಭದ್ರಾವತಿಗೆ ಹೋಗಿದ್ದು. ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನರ ಊರದು. ಒಂದೇ ಸಾಲಲ್ಲಿ ಕ್ರಿಸ್‌ಮಸ್ಸಿಗೆ ಹಂದಿ ಮಾಂಸ ಮಾಡೋ ಮನೆ, ಪಕ್ಕದಲ್ಲಿ ರಂಜಾನ್ ಉಪವಾಸದ ಮನೆ, ಅದರಾಚೆ ಈರುಳ್ಳಿಯನ್ನೂ ತಿನ್ನದ ಮನೆ. ನಮ್ಮ ಗುಂಪೂ ಹಂಗೇ. ಆರು ಜನದಲ್ಲಿ ಇಬ್ಬರು ಹಂದಿ ತಿನ್ನಲ್ಲ, ಒಬ್ಬ ಧರ್ಮದ ಕಾರಣಕ್ಕೆ, ಇನ್ನೊಬ್ಬಳು ಮನೇಲಿ ಮಾಡಲ್ಲ ಅಂತ.

ಬೇಕನ್ ಸುತ್ತಿದ ತಿಂಡಿಯ ದೊಡ್ಡ ಸಮಸ್ಯೆ ಅಂದ್ರೆ ಗರಿಯಾದ ಮೇಲೆ ನೋಡಿದ್ರೆ ಏನು ಅಂತ ಗೊತ್ತಾಗಲ್ಲ. ಮೆಣಸಿನಕಾಯಿಗೆ ಸುತ್ತಿದ್ದು ದೂರದಿಂದ ಬಜ್ಜಿ ಥರಾನೇ ಕಾಣುತ್ತೆ. ರೀಲ್ಸಲ್ಲಿ ತಿಳಿಸದೆ ತಿನ್ನಿಸಿ, ಮುಖ ವಿಡಿಯೋ ಮಾಡಿ ನಗೋರನ್ನ ನೋಡಿದ್ದೀನಿ. ಅದು ತಮಾಷೆ ಅಲ್ಲ, ದ್ರೋಹ. ಒಂದು ತುತ್ತಿಗೆ ಹತ್ತು ವರ್ಷದ ಗೆಳೆತನ ಹೋಗುತ್ತೆ, ನಮ್ಮೂರಿನಂಥ ಊರಲ್ಲಿ ಅಲ್ಲಿಗೇ ನಿಲ್ಲೋದೂ ಇಲ್ಲ.

ನಾವು ಮಾಡಿದ್ದು ಇಷ್ಟು. ಕರೆಯೋವಾಗಲೇ ಗ್ರೂಪಲ್ಲಿ "ಹಂದಿ ಇರುತ್ತೆ" ಅಂತ ಹಾಕಿದ್ವಿ. ತಿನ್ನದೋರ ಅಡುಗೆ ಮೊದಲು, ಬೇರೆ ಕಾವಲಿ, ಬೇರೆ ಚಾಕು, ಬೇರೆ ಎಣ್ಣೆಯಲ್ಲಿ ಮುಗಿಸಿದ್ವಿ: ಪತ್ರೊಡೆ ಬಿಲ್ಲೆ ಹಾಗೇ ತೆಂಗಿನೆಣ್ಣೆಯಲ್ಲಿ, ಮೆಣಸಿನಕಾಯಿ ಕಡಲೆಹಿಟ್ಟಲ್ಲಿ. ಚಿಕನ್ ಬೇಕನ್ ತಂದಿದ್ರೂ ಹಲಾಲ್ ಗುರುತಿಲ್ಲ ಅಂತ ಗೆಳೆಯ ಬೇಡ ಅಂದ, ಯಾರೂ ಒತ್ತಾಯ ಮಾಡಲಿಲ್ಲ. ಆಮೇಲೆ ಬೇಕನ್. ಅದಕ್ಕೆಲ್ಲ ಬಣ್ಣದ ಟೂತ್‌ಪಿಕ್, ಬೇರೆ ತಟ್ಟೆ, ಬೇರೆ ಟೇಬಲ್. ಬೀಡು ಕಾವಲಿ ಕೊಬ್ಬು ಹೀರಿಕೊಳ್ಳೋದ್ರಿಂದ ಅದನ್ನ ಮತ್ತೆ ಎಲ್ಲರ ದೋಸೆಗೆ ಬಳಸೋ ಹಾಗಿಲ್ಲ. ಆ ಕಾವಲಿಯ ಹಿಡಿಗೆ ಕೆಂಪು ದಾರ ಕಟ್ಟಿ ಬೇರೇನೇ ಇಟ್ಟಿದ್ದಾನೆ ನಮ್ಮ ಹುಡುಗ.

ಮೊದಲು ಖಾಲಿಯಾಗಿದ್ದು ಬೇಕನ್ ಇಲ್ಲದ ಪತ್ರೊಡೆ. ಅದರ ರೆಸಿಪಿ ಕೊಟ್ಟ ಗೆಳತಿಯ ಅಮ್ಮನ ವಾಯ್ಸ್ ನೋಟ್ ಮುಂದಿನ ವಾರ ಹಾಕ್ತೀನಿ. ನೀವು ಏನಕ್ಕೆ ಸುತ್ತಿದ್ರಿ, ಏನು ಒಡೆದುಹೋಯ್ತು, ಕಳಿಸಿ. ಮುದ್ದೆ ಫೋಟೋ ಮಾತ್ರ ಬೇಡ.